ಅಗ್ಗದ ಬೊಂಬೆಯ ಸೊಗಸು ಮರುಹುಟ್ಟಿನಲ್ಲೂ ಉಳಿಯುತ್ತದೆಯೇ?

ಪರ: ಕಟ್ಟುವ ಕ್ರಮ ಉಳಿದರೆ ಸೊಗಸೂ ಉಳಿಯುತ್ತದೆ
(ಬೊಂಬೆ ಕಟ್ಟುವವರು, ಕಾಸರಗೋಡು)

ದುಡ್ಡು ಬಂದರೆ ಸೊಗಸು ಹೋಗುತ್ತದೆ ಎನ್ನುವವರು ಬೊಂಬೆಯನ್ನು ಬಿಚ್ಚಿ ನೋಡಿದವರಲ್ಲ. ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಹಾಸ್ಯ ಸರಣಿ ಶುರುವಾದದ್ದು 1988ರ ನವೆಂಬರ್‌ನಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಸಣ್ಣ ವಾಹಿನಿಯಲ್ಲಿ. ಒಬ್ಬ ಮನುಷ್ಯ, ಎರಡು ರೋಬೋ ಬೊಂಬೆ, ಎದುರಿಗೆ ಒಂದು ಕೆಟ್ಟ ಸಿನಿಮಾ. ಮೂವರೂ ಕೂತು ಸಿನಿಮಾದ ಕಾಲೆಳೆಯುತ್ತಾರೆ, ಅಷ್ಟೇ. ಸರಣಿಯನ್ನು ಹುಟ್ಟುಹಾಕಿದ ಜೋಯಲ್ ಹಾಡ್ಗ್‌ಸನ್ ಕಟ್ಟಿದ ಬೊಂಬೆಗಳಲ್ಲಿ ಟಾಮ್ ಸರ್ವೋನ ತಲೆ ಚೂಯಿಂಗ್‌ಗಮ್ ಗುಂಡು ತುಂಬುವ ಪಾರದರ್ಶಕ ಡಬ್ಬಿ. ಇನ್ನೊಂದು ಬೊಂಬೆ ಕ್ರೋನ ಕೊಕ್ಕು ಉದ್ದಕ್ಕೆ ಸೀಳಿದ ಆಟಿಕೆಯ ಬೌಲಿಂಗ್ ಪಿನ್, ಕಣ್ಣು ಪಿಂಗ್‌ಪಾಂಗ್ ಚೆಂಡು.

ಕುರ್ಚಿ ಸಾಲಿನಲ್ಲಿ ಕೂತ ಮೂವರೂ ಸಿನಿಮಾದ ಮುಂದೆ ಕಪ್ಪು ನೆರಳಾಗಿ ಕಾಣುವ ಥಿಯೇಟರಿನ ದೃಶ್ಯವೂ ಹಾಗೆಯೇ. ಫೋಮ್ ಬೋರ್ಡಿನಲ್ಲಿ ಕುರ್ಚಿಗಳ ಬೆನ್ನು ಕತ್ತರಿಸಿ ಕಪ್ಪು ಬಳಿದು, ಹಿಂದೆ ಬೆಳಗುವ ಬಿಳಿ ಪರದೆ ಇಡುತ್ತಾರೆ. ಬೆಳಕಿನ ಮಟ್ಟ ನೋಡಿ ಚಿತ್ರದ ಭಾಗ ತೆಗೆಯುವ ‘ಲೂಮಾ ಕೀ’ ಎಂಬ ವಿಡಿಯೊ ತಂತ್ರ ಬಿಳಿಯ ಜಾಗವನ್ನೆಲ್ಲ ತೆಗೆದು ಅಲ್ಲಿ ಸಿನಿಮಾ ಕೂರಿಸುತ್ತದೆ. ಕೆಡುವುದು ಎರಡು ಕಡೆ. ಪರದೆಯ ಮೂಲೆಗೆ ಬೆಳಕು ಸಾಲದಿದ್ದರೆ ಅಲ್ಲಿ ಬೂದು ಕಲೆ ನಿಲ್ಲುತ್ತದೆ. ಕಪ್ಪು ಬಣ್ಣ ಮಿರುಗಿದರೆ ಬೊಂಬೆಯ ಮೈಯಲ್ಲಿ ತೂತು ಬಿದ್ದಂತೆ ಸಿನಿಮಾ ಇಣುಕುತ್ತದೆ. ಅದಕ್ಕೇ ಮಿರುಗದ ಮ್ಯಾಟ್ ಕಪ್ಪು ಬೇಕು, ಎರಡು ಕೋಟ್. ಸರ್ವೋನ ಪಾರದರ್ಶಕ ತಲೆಗೂ ನೆರಳಿನ ದೃಶ್ಯದಲ್ಲಿ ಕಪ್ಪೇ ಬಳಿಯಬೇಕು, ಇಲ್ಲವಾದರೆ ತಲೆಯೇ ಇರುವುದಿಲ್ಲ.

ನಿಂತುಹೋಗಿದ್ದ ಈ ಸರಣಿಯನ್ನು ಮತ್ತೆ ಶುರುಮಾಡಲು 2015ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ 48 ಸಾವಿರಕ್ಕೂ ಹೆಚ್ಚು ಮಂದಿ 57 ಲಕ್ಷ ಡಾಲರ್ ಕೊಟ್ಟರು. 2017ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 14 ಕಂತು ಬಂತು. ಕಂತಿಗೆ ಹೆಚ್ಚುಕಡಿಮೆ 4 ಲಕ್ಷ ಡಾಲರ್. ಅದರಲ್ಲೇ ಸಿನಿಮಾಗಳ ಹಕ್ಕು, ಕೆಲಸದವರ ಸಂಬಳ. ಬೊಂಬೆಗಳನ್ನು ಕಂಪ್ಯೂಟರಿನಲ್ಲಿ ಕುಣಿಸಲಿಲ್ಲ. ಅದೇ ಬೌಲಿಂಗ್ ಪಿನ್ನಿನ ಕೊಕ್ಕು, ಅದೇ ಕಪ್ಪು ಕುರ್ಚಿ ಸಾಲು.

ತಪ್ಪು ಹೇಗಾಗುತ್ತದೆ ಎಂದು ‘ರೆಡ್ ಡ್ವಾರ್ಫ್’ ತೋರಿಸಿತು. ಬ್ರಿಟನ್ನಿನ ಈ ಹಾಸ್ಯ ಸರಣಿಯೂ 1988ರದ್ದೇ. ಹತ್ತು ವರ್ಷದ ನಂತರ ಹಳೆಯ ಕಂತುಗಳ ಆಕಾಶನೌಕೆಯ ಮಾದರಿಗಳನ್ನು ಕಿತ್ತು ಗ್ರಾಫಿಕ್ಸ್ ಹಾಕಿದರು, ಅಭಿಮಾನಿಗಳು ಒಪ್ಪಲಿಲ್ಲ. 2012ರ ಹತ್ತನೆಯ ಸರಣಿಗೆ ಮಾದರಿಗಳೂ ಬಂದವು, ಸ್ಟುಡಿಯೊದಲ್ಲಿ ನಗುವ ಪ್ರೇಕ್ಷಕರೂ ಬಂದರು. ಹೋದ ಸೊಗಸು ಮರಳಿತು. ಹೋಗುವುದೂ ಬರುವುದೂ ಕಟ್ಟುವವರ ಕೈಯಲ್ಲಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕೇ?

ಹೊಸ ಕಂತುಗಳಲ್ಲಿ ಧ್ವನಿ ಕೊಡುವವರು ಒಬ್ಬರು, ಬೊಂಬೆ ಆಡಿಸುವವರು ಇನ್ನೊಬ್ಬರು ಎಂಬ ದೂರಿದೆ. ನಮ್ಮ ಯಕ್ಷಗಾನ ಬೊಂಬೆಯಾಟದಲ್ಲಿ ಸೂತ್ರ ಹಿಡಿಯುವವರೇ ಯಾವಾಗಲೂ ಅರ್ಥ ಹೇಳುತ್ತಾರೆಯೇ? ಬೊಂಬೆ ಮಾತಿನ ತೂಕಕ್ಕೆ ಸರಿಯಾಗಿ ತಲೆ ಆಡಿಸಿದರೆ ಸಾಕು. ವಿರೋಧಿಸುವವರ ವಾದವನ್ನು ಪೂರ್ತಿ ಒಪ್ಪಿದರೆ ಕಲಾವಿದ ಉಪವಾಸ ಇದ್ದರಷ್ಟೇ ಜನ ನಗಬೇಕು. ಅದನ್ನು ನಾನು ಒಪ್ಪಲಾರೆ. ಅಗ್ಗದ ಸಾಮಾನಿನಲ್ಲಿ ಚಂದ ಕಾಣಿಸುವುದು ಒಂದು ವಿದ್ಯೆ. ಸಂಬಳ ಸಿಕ್ಕಿದ ಮಾತ್ರಕ್ಕೆ ಅದು ಮರೆತುಹೋಗುವುದಿಲ್ಲ.

ವಿರೋಧ: ಬೊಂಬೆ ಅದೇ, ಬಿಡುವು ಇಲ್ಲ
(ವಿಡಿಯೊ ಎಡಿಟರ್, ಮಂಜೇಶ್ವರ)

ವಿರೋಧದ ಪಾಲು ನನಗೆ ಬಂದಿದೆ. ಬೊಂಬೆಗಳ ಬಗ್ಗೆ ಮೇಲೆ ಹೇಳಿದ್ದನ್ನು ನಾನೂ ಬಹುಪಾಲು ಒಪ್ಪುತ್ತೇನೆ. ತಕರಾರು ಇರುವುದು ಶಬ್ದದ ಟ್ರ್ಯಾಕಿನ ಬಗ್ಗೆ.

ಕೆಟಿಎಂಎ ಕಾಲದಲ್ಲಿ ಮಾತುಗಳು ಹೆಚ್ಚಾಗಿ ತಾಳಮದ್ದಳೆಯ ಅರ್ಥಗಾರಿಕೆಯಂತೆ ಆಶುವಾಗಿ ಬರುತ್ತಿದ್ದವು. ಮುಂದೆ ಸ್ಕ್ರಿಪ್ಟ್ ಬಂದರೂ ಮೂವರು ಒಟ್ಟಿಗೆ ಕೂತು, ಸಿನಿಮಾ ಓಡುತ್ತಿದ್ದಂತೆ ಆಡುತ್ತಿದ್ದರು. ಸಿನಿಮಾದ ಪಾತ್ರ ಮಾತು ಮುಗಿಸಬೇಕು, ನೋಡುವವನಿಗೆ ಅದು ಕೇಳಬೇಕು, ಆಮೇಲೆ ಕೊಂಕು, ಆಮೇಲೆ ನಗಲು ಒಂದೆರಡು ಸೆಕೆಂಡು. ಆಡುವವರು ಉಸಿರೆಳೆದುಕೊಳ್ಳುವಾಗ ಈ ಬಿಡುವು ತಾನಾಗಿ ಸಿಗುತ್ತಿತ್ತು.

ಪ್ರತಿ ಧ್ವನಿಗೂ ಬೇರೆ ಟ್ರ್ಯಾಕ್ ಇದ್ದರೆ ಎಡಿಟಿಂಗ್‌ನಲ್ಲಿ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ. ಟೈಮ್‌ಲೈನಿನಲ್ಲಿ ಅದು ತಪ್ಪಿನ ಹಾಗೆ ಕಾಣುತ್ತದೆ, ಅರ್ಧ ಸೆಕೆಂಡು ಎಳೆದು ಮುಚ್ಚುತ್ತಾರೆ. ಒಂದೊಂದು ಜೋಕಿಗೆ ಇದು ಲಾಭ, ಇಡೀ ಕಂತಿಗೆ ನಷ್ಟ. 2017ರ ಕಂತುಗಳಲ್ಲಿ ಮಾತಿನ ಬೆನ್ನಿಗೇ ಮಾತು. ಒಂದಕ್ಕೆ ನಗುವಷ್ಟರಲ್ಲಿ ಇನ್ನೆರಡು ದಾಟಿರುತ್ತವೆ.

2022ರ ಹದಿಮೂರನೆಯ ಸೀಸನ್ನಿನಲ್ಲಿ ಹಸಿರು ಪರದೆಯೂ ಬಂತು. ಕೋವಿಡ್ ಕಾಲದ ಅನಿವಾರ್ಯತೆ ಅದು, ಬೈಯುವುದು ನ್ಯಾಯವಲ್ಲ. ಆದರೆ ಹಿನ್ನೆಲೆಯನ್ನು ಆಮೇಲೆ ಅಂಟಿಸಿದಾಗ ಬೊಂಬೆಯ ನೆರಳು ಹಿಂದಿನ ಗೋಡೆಗೆ ಬೀಳುವುದಿಲ್ಲ. ಕಪ್ಪು ಬಳಿದ ಬೋರ್ಡು ಅಗ್ಗದ್ದಾದರೂ ಅಲ್ಲೇ ಇದೆ ಎಂದು ತಿಳಿಯುತ್ತದೆ.

ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಸಿನಿಮಾ ನಿಲ್ಲಿಸದೆ ಓಡಿಸಿ, ತೊದಲಿದ ಮಾತನ್ನೂ ಉಳಿಸಿಕೊಂಡರೆ ಹಳೆಯ ಹದ ಮರಳಬಹುದು. ಹಾಗೆ ಮಾಡಬೇಕಾದರೆ ಒಂದೊಂದು ಕಂತಿಗೂ ತಾಲೀಮು ಬೇಕು. ಹದಿನಾಲ್ಕು ಕಂತನ್ನು ಒಂದೇ ಗುಡ್ಡೆ ಹಾಕಿ ಚಿತ್ರೀಕರಿಸುವ ಲೆಕ್ಕದಲ್ಲಿ ಆ ತಾಲೀಮಿಗೆ ದಿನ ಉಳಿಯುವುದಿಲ್ಲ.