ಸ್ಪಷ್ಟನೆ: ಶೇ ಎಂಜಿನ್ ಸೊಟ್ಟಗಿರುವುದು ಅಪಘಾತದಿಂದಲ್ಲ

ಬಾಯ್ಲರ್ ಎಡಕ್ಕೆ ಸರಿದಿರುವ, ಬಲಬದಿಯಲ್ಲಿ ಮಾತ್ರ ಸಿಲಿಂಡರ್‌ಗಳಿರುವ ಹಳೆಯ ಉಗಿಬಂಡಿಯ ಚಿತ್ರವೊಂದು ಓಡಾಡುತ್ತಿದೆ. 'ಅಪಘಾತದಲ್ಲಿ ಒಂದು ಪಕ್ಕ ಕಳೆದುಕೊಂಡ ಎಂಜಿನ್' ಎಂಬುದು ಅದರ ಒಕ್ಕಣೆ. ಇದು ಸರಿಯಲ್ಲ. ಅದು ಅಮೆರಿಕದ ಮರ ಸಾಗಣೆ ಹಳಿಗಳಲ್ಲಿ ದುಡಿದ ಶೇ ಎಂಜಿನ್; ಹುಟ್ಟಿದ್ದೇ ಹಾಗೆ.

ಮಿಷಿಗನ್‌ನ ಮರದ ವ್ಯಾಪಾರಿ ಎಫ್ರೇಮ್ ಶೇ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನೆಟ್ಟಗೆ ನಿಂತ ಸಿಲಿಂಡರ್‌ಗಳು ಬಲಬದಿಯ ಉದ್ದನೆಯ ದಂಡವನ್ನು ತಿರುಗಿಸುತ್ತವೆ. ದಂಡದ ಹಲ್ಲುಚಕ್ರಗಳು ಪ್ರತಿ ಅಚ್ಚಿಗೂ ಬಲ ಮುಟ್ಟಿಸುತ್ತವೆ. ಆ ಸಿಲಿಂಡರ್‌ಗಳ ಭಾರ ಸರಿದೂಗಿಸಲೆಂದೇ ಬಾಯ್ಲರನ್ನು ಎಡಕ್ಕೆ ಕೂರಿಸಿದ್ದು. ದಂಡದಲ್ಲಿ ಬಾಗುವ, ಹಿಗ್ಗಿ ಕುಗ್ಗುವ ಕೀಲುಗಳಿರುವುದರಿಂದ ಕಾಡಿನ ಅಡ್ಡಾದಿಡ್ಡಿ ಹಳಿ, ಕಡಿದಾದ ಏರು, ಚೂಪು ತಿರುವು ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ವೇಗ ಮಾತ್ರ ಎತ್ತಿನಗಾಡಿಯ ಅಣ್ಣನಷ್ಟೇ!

'ಕೆಲವೇ ತಯಾರಾದವು' ಎಂಬ ಮಾತೂ ತಪ್ಪು. ಒಹಾಯೊದ ಲೈಮಾ ಕಾರ್ಖಾನೆ 1945ರವರೆಗೆ ಸುಮಾರು 2,770 ಶೇ ಎಂಜಿನ್‌ಗಳನ್ನು ಕಟ್ಟಿತು. ಕೊನೆಯದು ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ 6ನೇ ಸಂಖ್ಯೆಯದು. ನಂತರ ಅದು ವೆಸ್ಟ್ ವರ್ಜೀನಿಯಾದ ಕಾಸ್ ಪ್ರವಾಸಿ ರೈಲುಮಾರ್ಗ ಸೇರಿತು.