ಸರ್ವರ್ ಸಾಹೇಬರು ಇವತ್ತು ಡೌನು

ಮಗಳ ಕಾಲೇಜಿಗೆ ಆದಾಯ ಪ್ರಮಾಣ ಪತ್ರ ಬೇಕಿತ್ತು. ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ. ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ. ನಿಮ್ಮೂರಿನದ್ದೇ ಅಂದುಕೊಳ್ಳಿ, ಏನೂ ತಪ್ಪಾಗುವುದಿಲ್ಲ. ಕೌಂಟರಿನ ಗಾಜಿಗೆ ‘ಸರ್ವರ್ ಡೌನ್ ಇದೆ’ ಅಂತ ಒಂದು ಹಾಳೆ ನೇತು ಹಾಕಿದ್ದರು. ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದರು. ಅದನ್ನು ನೋಡಿದ ಮೇಲೆ ಇದು ಇವತ್ತು ನಾಳೆ ಮುಗಿಯುವ ತೊಂದರೆಯಲ್ಲ ಅಂತ ಗೊತ್ತಾಯಿತು.

ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ. ಮೊಮ್ಮಗಳ ಹಾಸ್ಟೆಲ್ಲಿಗೆ ಪತ್ರ ಬೇಕು, ರೆಡಿ ಇದೆ ಅಂತ ಮೆಸೇಜ್ ಬಂದಿದೆ, ಪ್ರಿಂಟ್ ತೆಗೆದು ಕೊಟ್ಟರೆ ಸಾಕು. ‘ಸರ್ವರ್ ಸಾಹೇಬ್ರು ಯಾವಾಗ್ ಬತ್ತಾರಪ್ಪ? ಡೌನ್ ಆಗವ್ರಂತೆ. ಜ್ವರ ಗಿರ ಏನಾರಾ ಬಂದೈತಾ?’ ಅಂತ ನನ್ನನ್ನು ಕೇಳಿದರು.

ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ಈ ಸಾಹೇಬರನ್ನು ಯಾರೂ ಕಣ್ಣಾರೆ ಕಂಡಿಲ್ಲ. ರಜೆ ಚೀಟಿ ಬರೆಯುವುದಿಲ್ಲ. ವರ್ಗಾವಣೆ ಇಲ್ಲ, ಅಮಾನತು ಇಲ್ಲ, ಲೋಕಾಯುಕ್ತರ ಭಯವಂತೂ ಇಲ್ಲವೇ ಇಲ್ಲ. ‘ಸರ್ವರಿಗೂ ಸಮಪಾಲು’ ಅಂತ ನಾವು ಕೂಗಿದ್ದೇ ಬಂತು. ಕೊನೆಗೆ ತಪ್ಪಿನ ಪಾಲೆಲ್ಲ ಸರ್ವರ್ ಒಬ್ಬರಿಗೇ ಹೋಯಿತು.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರಲ್ಲ. ಹಿಂದೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತ ಬೈಯುತ್ತಿದ್ದೆವು. ಈಗ ಪೂಜಾರಿ ಪಾಪ ರೆಡಿ ಇದ್ದಾರೆ. ದೇವರೇ ಡೌನು.

ನನ್ನ ಕಸುಬು ಹೇಳಿಬಿಡುತ್ತೇನೆ. ಹದಿನೆಂಟು ವರ್ಷದಿಂದ ಒಂದು ಖಾಸಗಿ ಕಂಪನಿಯಲ್ಲಿ ಕಂಪ್ಯೂಟರ್ ಸಪೋರ್ಟಿನಲ್ಲಿದ್ದೇನೆ. ಹುದ್ದೆ ಸಿಸ್ಟಮ್ ಅಡ್ಮಿನ್. ಕೆಲಸ ಮೇಜಿನ ಕೆಳಗೆ ತೂರಿಕೊಂಡು ಸಡಿಲವಾದ ವೈರ್ ಚುಚ್ಚುವುದು. ನಮ್ಮಲ್ಲೇನು ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ದೂರು ಕೊಡಲು ನಮ್ಮಲ್ಲಿ ಕಂಪ್ಯೂಟರಿನಲ್ಲೇ ಟಿಕೆಟ್ ಹಾಕಬೇಕು. ಸ್ಕ್ರೀನ್ ಮೇಲೆ ಏನು ಬಂತು ಅಂತ ಕೇಳಿದರೆ ‘ಏನೋ ಬಂತು ಸಾರ್, ಓಕೆ ಒತ್ತಿದೆ, ಹೋಯ್ತು’ ಅನ್ನುತ್ತಾರೆ. ಆ ‘ಏನೋ’ದಲ್ಲೇ ರೋಗದ ಹೆಸರಿರುತ್ತದೆ. ಅದನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ ಅಂತ ಹದಿನೆಂಟು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಸರ್ವರ್ ನಿಜವಾಗಿ ಡೌನ್ ಆಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಅದೇ ವೆಬ್‌ಸೈಟನ್ನು ನಿಮ್ಮ ಮೊಬೈಲಿನಲ್ಲಿ, ಮೊಬೈಲಿನ ಇಂಟರ್ನೆಟ್ಟಿನಲ್ಲೇ ತೆರೆಯಿರಿ. ನಾನು ತೆರೆದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆರೆಯಿತು. ಗಾಜಿನ ತೂತಿನಿಂದ ಆಪರೇಟರ್ ಮೇಡಂಗೆ ತೋರಿಸಿದೆ.

‘ಅದು ಮೊಬೈಲ್ ಸರ್ವರ್ ಸಾರ್. ಇದು ಆಫೀಸ್ ಸರ್ವರ್,’ ಅಂದರು.

ನಿಜವಾಗಿ ಡೌನ್ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಸೈಬರ್ ದಾಳಿಯೇ ನಡೆದು ರಾಜ್ಯದ ನೋಂದಣಿ ಕೆಲಸ ಕುಂಟಿತ್ತು. ಆದರೆ ಹುಲಿ ಬಂತು ಹುಲಿ ಅಂತ ದಿನಾ ಕೂಗಿದರೆ, ನಿಜವಾಗಿ ಹುಲಿ ಬಂದ ದಿನ ಕೌಂಟರಿನವರ ಮಾತನ್ನು ಯಾರು ನಂಬುತ್ತಾರೆ?

‘ಯಾವಾಗಿಂದ ಹೀಗೆ ಮೇಡಂ?’ ಅಂತ ಕೇಳಿದೆ. ಹನ್ನೊಂದಕ್ಕೆ ಕರೆಂಟ್ ಹೋಗಿ ಬಂತಂತೆ. ಅಲ್ಲಿಂದ ಡೌನು. ಯುಪಿಎಸ್ ಇಲ್ವಾ? ಇದೆ. ಬ್ಯಾಟರಿ ಸತ್ತು ವರ್ಷಗಳಾಗಿವೆ, ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ. ಸಿಪಿಯು ಹಣೆಯ ಮೇಲೆ ವಿಭೂತಿ, ಕುಂಕುಮ ಇನ್ನೂ ಹಾಗೇ ಇತ್ತು. ಎಎಂಸಿ, ಅಂದರೆ ವರ್ಷದ ರಿಪೇರಿ ಗುತ್ತಿಗೆ, ಮುಗಿದ ಮೇಲೆ ವರ್ಷಕ್ಕೊಮ್ಮೆ ಆಯುಧ ಪೂಜೆ ಮಾಡುವುದೇ ಮೇಂಟೆನೆನ್ಸ್. ಸುಮ್ನೆ ಹೇಳುತ್ತಿಲ್ಲ, ನಾನೇ ಒಂದು ಯುಎಸ್‌ಬಿ ತೂತಿನಿಂದ ಕುಂಕುಮವನ್ನು ಬ್ರಷ್ಷಿನಲ್ಲಿ ಕೆರೆದು ತೆಗೆದವನು.

ಕರೆಂಟ್ ಹೋಗಿ ಬಂದ ಮೇಲೆ ಅಂದ ಕೂಡಲೇ ನನಗೆ ಅನುಮಾನ ಬಂತು. ‘ಸ್ಕ್ರೀನಿನ ಬಲಗಡೆ ಕೆಳಗೆ ತಾರೀಖು ಎಷ್ಟು ತೋರಿಸ್ತಿದೆ ನೋಡಿ ಮೇಡಂ.’

ಮೇಡಂ ಕನ್ನಡಕ ಸರಿ ಮಾಡಿಕೊಂಡು ಓದಿದರು. ‘2012, ಜನವರಿ 1.’

ಸಾಲಿನಲ್ಲಿ ಯಾರೋ ‘ಹ್ಯಾಪಿ ನ್ಯೂ ಇಯರ್’ ಅಂದರು.

ಇದರ ಹಿಂದಿರುವುದು ಒಂದು ನಾಣ್ಯದಂಥ ಸೆಲ್ಲು. ಸಿಆರ್2032 ಅಂತ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ ಬರೆದಿದೆ. ಕರೆಂಟ್ ಇಲ್ಲದಾಗ ಕಂಪ್ಯೂಟರಿಗೆ ಇವತ್ತು ಯಾವ ದಿನ ಅಂತ ನೆನಪಿಟ್ಟುಕೊಡುವುದು ಇದರ ಕೆಲಸ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ತನ್ನ ಬಾಲ್ಯಕ್ಕೆ ಹೋಗುತ್ತದೆ. ಅಲ್ಲಿ ಕೂತು ವೆಬ್‌ಸೈಟ್ ತೆರೆಯಲು ನೋಡುತ್ತದೆ. ವೆಬ್‌ಸೈಟಿಗೆ ಸುರಕ್ಷತೆಯ ಸರ್ಟಿಫಿಕೇಟ್ ಒಂದಿರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. 2012ರಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟದ ಕೂಸು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಲು ಅದು ಒಪ್ಪುವುದಿಲ್ಲ, ಸೈಟ್ ಸುರಕ್ಷಿತವಲ್ಲ ಅಂತ ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ಕಚೇರಿ ಕನ್ನಡದಲ್ಲಿ ಸರ್ವರ್ ಡೌನ್ ಅನ್ನುತ್ತಾರೆ.

ಸೆಲ್ಲಿನ ಬೆಲೆ ಒಂದು ಮಸಾಲೆ ದೋಸೆಯ ಆಸುಪಾಸು. ನಾನೇ ತಂದು ಹಾಕಿಕೊಡುತ್ತೇನೆ ಅಂದೆ. ಹಾಗೆಲ್ಲ ಆಗಲ್ಲವಂತೆ. ಇಂಡೆಂಟ್ ಹಾಕಬೇಕು, ಮೇಲಿನವರು ಸಹಿ ಮಾಡಬೇಕು, ಫೈಲು ಜಿಲ್ಲೆಗೆ ಹೋಗಬೇಕು, ಮೂರು ಕೊಟೇಶನ್ ಬರಬೇಕು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ತೋರಿಸಿದ ರಾಜ್ಯ ನಮ್ಮದು. ಅಂಥ ರಾಜ್ಯ ಒಂದು ದೋಸೆಯ ಮುಂದೆ ಕೈಕಟ್ಟಿ ನಿಂತಿತ್ತು.

ಆ ತಾರೀಖಿನಲ್ಲಿ ಇನ್ನೊಂದು ತಮಾಷೆ ಇದೆ. ಸರ್ಕಾರಿ ಕೆಲಸ ಇಷ್ಟು ದಿನದೊಳಗೆ ಮಾಡಿಕೊಡಬೇಕು ಅನ್ನುವ ಸಕಾಲ ಸೇವೆ ಇಡೀ ರಾಜ್ಯದಲ್ಲಿ ಶುರುವಾಗಿದ್ದು 2012ರ ಏಪ್ರಿಲ್ 2ರಂದು. ಅಂದರೆ ನಮ್ಮ ಕೌಂಟರಿನ ಕಂಪ್ಯೂಟರ್ ಪ್ರಕಾರ ಸಕಾಲ ಬರಲು ಇನ್ನೂ ಮೂರು ತಿಂಗಳಿದೆ. ಅಲ್ಲಿಯವರೆಗೆ ಅವಸರ ಮಾಡುವ ಹಾಗಿಲ್ಲ. ಬಂದ ಮೇಲಾದರೂ ಏನು? ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಕಾಯ್ದೆ ಹೇಳುತ್ತದೆ. ಆದರೆ ದಿನ ಎಣಿಸುವುದು ಅರ್ಜಿಗೆ ಸಕಾಲ ನಂಬರ್ ಬಿದ್ದ ಮೇಲೆ. ನಂಬರ್ ಹಾಕಬೇಕಾದ್ದು ಕಂಪ್ಯೂಟರ್. ಸರ್ವರ್ ಡೌನ್ ಇದ್ದರೆ ಅರ್ಜಿ ಒಳಗೇ ಹೋಗುವುದಿಲ್ಲ. ಅರ್ಜಿಯೇ ಇಲ್ಲ ಅಂದಮೇಲೆ ತಡ ಎಲ್ಲಿಂದ ಬಂತು? ಕಾಗದದ ಮೇಲೆ ಎಲ್ಲವೂ ಸಕಾಲಕ್ಕೇ ನಡೆಯುತ್ತಿದೆ.

‘ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ವಿ ಸಾರ್,’ ಅಂದರು ಮೇಡಂ. ಈ ಔಷಧಿಯನ್ನು ನಾನು ಗೇಲಿ ಮಾಡುವುದಿಲ್ಲ, ಅದು ನನ್ನ ಅನ್ನ. ದೊಡ್ಡವರೂ ಅದನ್ನೇ ಮಾಡುವುದು. ಬೋಯಿಂಗ್ 787 ವಿಮಾನವನ್ನು 248 ದಿನ ಆಫ್ ಮಾಡದೆ ಬಿಟ್ಟರೆ ಒಳಗಿನ ಒಂದು ಲೆಕ್ಕ ತುಂಬಿ ತುಳುಕಿ ಜನರೇಟರುಗಳೆಲ್ಲ ಒಟ್ಟಿಗೇ ನಿಲ್ಲಬಹುದು, ಅಷ್ಟರೊಳಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂತ ಅಮೆರಿಕದ ವಿಮಾನಯಾನ ಇಲಾಖೆ 2015ರಲ್ಲಿ ಆದೇಶವನ್ನೇ ಹೊರಡಿಸಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಆಗ ಮೈಕ್ರೋಸಾಫ್ಟ್ ಕ್ಲೌಡಿನ ಗ್ರಾಹಕರಿಗೆ ಕೊಟ್ಟ ಸಲಹೆ ಏನು ಗೊತ್ತಾ? ರೀಸ್ಟಾರ್ಟ್ ಮಾಡಿ, ಕೆಲವರಿಗೆ 15 ಸಲ ಬೇಕಾಗಿದೆ ಅಂತ. ಆದರೆ ಸತ್ತ ಸೆಲ್ಲಿಗೆ ಈ ಔಷಧಿ ನಾಟುವುದಿಲ್ಲ. ಅಲ್ಲಿ ತಾರೀಖು ತಿದ್ದಬೇಕು, ಅಷ್ಟೇ.

ತಾರೀಖು ತಿದ್ದಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಗುಟ್ಟು, ಯಾರಿಗೂ ಹೇಳುವ ಹಾಗಿಲ್ಲ ಅಂದರು ಮೇಡಂ. ಮಾನಿಟರಿನ ಅಂಚಿಗೆ ಹಳದಿ ಚೀಟಿಯಲ್ಲಿ ಬರೆದು ಅಂಟಿಸಿದ್ದನ್ನು ನೋಡಿಕೊಂಡು ಟೈಪ್ ಮಾಡಿದರು. 2012 ಹೋಗಿ ಈ ವರ್ಷ ಬಂತು. ಸೈಟ್ ತೆರೆಯಿತು. ಸಾಲಿನಲ್ಲಿ ಚಪ್ಪಾಳೆ. ಮೇಡಂ ಕೂಡ ನಕ್ಕರು, ಎದ್ದು ಬಂದು ಲ್ಯಾಮಿನೇಷನ್ ಹಾಳೆಯನ್ನು ತಿರುಗಿಸಿದರು. ಹಿಂದೆ ಬರೆದಿತ್ತು: ‘ಊಟದ ಸಮಯ 1.30ರಿಂದ 2.30’.

ಊಟದ ಹೊತ್ತಿನಲ್ಲಿ ಹೊರಗಿನ ಟೈಪಿಂಗ್ ಅಂಗಡಿಗೆ ಹೋಗಿ ಅರ್ಜಿ ಟೈಪ್ ಮಾಡಿಸಿದೆ. ಅಂಗಡಿಯವರು ಹಳೇ ನುಡಿ ಫಾಂಟಿನವರು. ಅವರ ಕಂಪ್ಯೂಟರಿನಲ್ಲಿ ಮುತ್ತಿನಂಥ ಕನ್ನಡ. ಅದೇ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ‘ಕ’ ಹೋಗಿ ಇಂಗ್ಲಿಷಿನ ಪಿ ಬರುತ್ತದೆ, ‘ನ’ ಇದ್ದ ಕಡೆ ಬ್ರಿಟನ್ನಿನ ಪೌಂಡಿನ ಗುರುತು. ನನ್ನ ಹೆಸರಿನಲ್ಲಿ ಮೂರು ‘ನ’ ಇವೆ. ಆದಾಯ ಪ್ರಮಾಣ ಪತ್ರದ ಅರ್ಜಿಯಲ್ಲಿ ಹೆಸರಿನ ತುಂಬ ಪೌಂಡ್ ಇದ್ದರೆ ನನ್ನ ಗತಿ ಏನಾಗಬೇಕು ಹೇಳಿ. ಯಾವ ಕಂಪ್ಯೂಟರಿಗೆ ಹೋದರೂ ಕನ್ನಡವಾಗೇ ಕಾಣುವ ಯೂನಿಕೋಡಿನಲ್ಲೇ ಮಾಡಿಕೊಡಿ ಅಂದೆ. ಅದಕ್ಕೆ ಹತ್ತು ರೂಪಾಯಿ ಜಾಸ್ತಿ ತಗೊಂಡರು.

2.40ಕ್ಕೆ ಕೌಂಟರ್ ತೆರೆಯಿತು. ಮೊದಲು ಅಜ್ಜಿಯದು. ಮೇಡಂ ಪ್ರಿಂಟ್ ಕೊಟ್ಟರು, ಬರಲಿಲ್ಲ. ಮತ್ತೆ ಕೊಟ್ಟರು, ಬರಲಿಲ್ಲ. ‘ನೋಡಿ, ಮತ್ತೆ ಸರ್ವರ್...’ ಅಂದು ಹಾಳೆಯ ಕಡೆ ಕೈ ಚಾಚಿದರು.

‘ಮೇಡಂ, ಪ್ರಿಂಟರಿನ ಲೈಟ್ ಉರೀತಿದ್ಯಾ?’

ಉರಿಯುತ್ತಿರಲಿಲ್ಲ. ಪ್ಲಗ್ ಇರಬೇಕಾದ ಕಡೆ ಯಾರದೋ ಮೊಬೈಲ್ ಚಾರ್ಜರ್ ಇತ್ತು. ಬೆಳಿಗ್ಗೆಯಿಂದಲೂ ಅದೇ ಇತ್ತಂತೆ. ಚಾರ್ಜರ್ ಕಿತ್ತು ಪ್ಲಗ್ ಹಾಕಿದರು. ಪ್ರಿಂಟರ್ ಒಮ್ಮೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಹಾಳೆ ಉಗುಳಲು ಶುರು ಮಾಡಿತು.

ನಿಮಗೆ ಗೊತ್ತಿರಲಿ, ಪ್ರಿಂಟರ್ ಆಫ್ ಇದ್ದರೂ ನೀವು ಒತ್ತಿದ್ದು ಎಲ್ಲಿಗೂ ಹೋಗುವುದಿಲ್ಲ. ಕಂಪ್ಯೂಟರಿನೊಳಗೇ ಸಾಲು ಹಿಡಿದು ಕೂತಿರುತ್ತದೆ, ನಮ್ಮ ಹಾಗೆ. ಕರೆಂಟ್ ಹೋಗಿ ಬಂದರೂ ಸಾಲು ಬಿಡುವುದಿಲ್ಲ. ಹಾಗಾಗಿ ಮೊದಲು ಬಂದಿದ್ದು ಅಜ್ಜಿಯ ಪತ್ರವಲ್ಲ. ಒಂದು ಪಹಣಿ. ಆಮೇಲೆ ಇನ್ನೊಂದು ಪಹಣಿ, ಅದೇ ಹೆಸರು, ಅದೇ ಸರ್ವೆ ನಂಬರ್. ಮೂರು, ನಾಲ್ಕು, ಐದು. ಹನ್ನೊಂದು ಪಹಣಿ ಬಂದ ಮೇಲೆ ಅಜ್ಜಿಯ ಪತ್ರ ಎರಡೆರಡು ಪ್ರತಿ ಬಂತು.

ಮೇಡಂ ಪಹಣಿಯ ಮೇಲಿನ ಹೆಸರು ಓದಿಕೊಂಡರು. ಬಾಗಿಲಿಗೆ ಬಂದು ಆ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಬರಲಿಲ್ಲ.

ಅಜ್ಜಿ ತಮ್ಮ ಪತ್ರವನ್ನು ಮಡಿಸಿ ಸೊಂಟದ ಚೀಲಕ್ಕೆ ಸೇರಿಸುತ್ತಾ ಹೇಳಿದರು: ‘ಹಸಿರು ಟವಲಿನವ್ರಾ? ಅವ್ರು ಹನ್ನೆರಡ್ರ ಬಸ್ಸಿಗೇ ಹೋದ್ರಲ್ಲವ್ವ. ಸರ್ವರ್ ಸಾಹೇಬ್ರು ಇಲ್ಲ, ಸೋಮವಾರ ಬಾ ಅಂದಿದ್ದು ನೀನೇ ಅಲ್ವಾ?’