ಆಷಾಢದಾಗ ಕನ್ಯಾ ನೋಡೋ ಶಾಸ್ತ್ರ

ಆಷಾಢದಾಗ ಕನ್ಯಾ ನೋಡಾಕ ಹೋಗಬಾರದು ಅಂತಾರೆ. ಬೆಳಗಾವಿಯ ಕ್ಯಾಮೆರಾ ಮಂದಿಗೆ ಮಾತ್ರ ಅದೇ ಸುಗ್ಗಿ. ಶನಿವಾರ ಸಂಜೆಯಾದರೆ ಸಾಕು, ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಕಾರು ಹೊರಡುತ್ತವೆ. ಕನ್ಯೆ ಯಾರೆಂದರೆ ಹಾವು. ಟಾರ್ಚು ಹಿಡಿಯಲು ಆಳು ಸಾಲದೆಂದು ಒಮ್ಮೆ ನನ್ನನ್ನೂ ಕರೆದೊಯ್ದರು.

ದಾರಿಯುದ್ದಕ್ಕೂ ನಮ್ಮ ಮುಖಂಡರ ಪ್ರವಚನ: "ಹಾವಿಗೆ ಕೈ ಹಚ್ಚಂಗಿಲ್ರಿ. ಇದ್ದಲ್ಲೇ, ಇದ್ಹಂಗ ತಗೀಬೇಕು." ಹಾಗಾದರೆ ಡಿಕ್ಕಿಯಲ್ಲಿ ಉದ್ದನೆಯ ಕೊಕ್ಕೆ ಯಾಕೆ ಅಂತ ಕೇಳಿದೆ. "ಅದು ಹಾವಿನ ಸುರಕ್ಷತೆಗೆ" ಅಂದರು.

ಹಳ್ಳದ ಪಕ್ಕದ ಟೊಂಗೆಯ ಮೇಲೆ ಗುಳಿಮಂಡಲವೊಂದು ತಲೆ ತಗ್ಗಿಸಿ ಹೊಂಚು ಹಾಕಿ ಕೂತಿತ್ತು. ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಜಾತಿಯಲ್ಲ ಅದು. ಇಲಿಯೋ ಕಪ್ಪೆಯೋ ತಾನಾಗಿ ಬರಲಿ ಅಂತ ರಾತ್ರಿಯಿಡೀ ಒಂದೇ ಕಡೆ ಕಾಯುತ್ತದೆ. ಕಣ್ಣು ಮೂಗಿನ ನಡುವಿನ ಗುಳಿಯಿಂದ ಕತ್ತಲಲ್ಲೂ ಇಲಿಯ ಮೈಬಿಸಿ ಹಿಡಿಯುತ್ತದೆ. ಅಂಥದ್ದರ ಮುಂದೆ ಹೊಟ್ಟೆ ತುಂಬ ಊಟ ಮಾಡಿ ಬಂದ ಏಳು ಜನ, ಏಳು ಒಲೆ ಹಚ್ಚಿಟ್ಟ ಹಾಗೆ, ಸುತ್ತುಗಟ್ಟಿ ನಿಂತೆವು. ಫ್ಲ್ಯಾಶ್ ಮೇಲೆ ಫ್ಲ್ಯಾಶ್. ಮುಚ್ಚಿಕೊಳ್ಳೋಣವೆಂದರೆ ಹಾವಿನ ಕಣ್ಣಿಗೆ ರೆಪ್ಪೆಯೇ ಇಲ್ಲ. "ಸ್ವಲ್ಪ ಮಾರಿ ಎತ್ತವ್ವಾ" ಅಂತ ಒಬ್ಬರು ಅಂಗಲಾಚಿದರು.

ಆಮೇಲೆ ಹಿನ್ನೆಲೆ ಸರಿಯಿಲ್ಲವೆಂದಾಯಿತು. ಕೊಕ್ಕೆ ಹೊರಬಂತು. ಕನ್ಯೆ ಪಾಚಿಗಟ್ಟಿದ ಕೊರಡಿಗೆ ವರ್ಗವಾದಳು, ಅಲ್ಲಿಂದ ಕಲ್ಲಿಗೆ, ಮತ್ತೆ ಕೊರಡಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರೇ ಕೊಲ್ಲುವುದನ್ನಲ್ಲ, ಹಿಡಿಯುವುದನ್ನೂ ಅಟ್ಟುವುದನ್ನೂ ಬೇಟೆ ಎಂದೇ ಕರೆಯುತ್ತದೆ. ಇದನ್ನು ಮೆಲ್ಲಗೆ ಅಂದೆ. "ಟಾರ್ಚು ನೆಟ್ಟಗ ಹಿಡೀರಿ ಸರ್" ಅಂದರು.

ನಾವು ಇಳಿದುಕೊಂಡಿದ್ದ ಮನೆಯ ಅಜ್ಜ ಛತ್ರಿ ಹಿಡಿದು ನೋಡುತ್ತ ನಿಂತಿದ್ದರು. ಜಿಗಣೆ ಕೀಳುತ್ತ ಕೇಳಿದರು: "ಯಾರದರ ಮನೀಗೆ ಉಣ್ಣೋ ಹೊತ್ತಿನ್ಯಾಗ ಹೋಗಿ, ತಾಟಿನ ಮುಂದಿಂದ ಎಬ್ಬಿಸಿ, ಬ್ಯಾರೆ ಖೋಲ್ಯಾಗ ಕುಂಡ್ರಿಸಿ ಫೋಟೋ ತಗೀತೀರೇನ್ರಿ?" ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಫೋಕಸ್ ಮಾಡುತ್ತಿದ್ದರು.

ಮರುದಿನ ಫೋಟೋ ಬಂತು. ಕೆಳಗೆ ಬರಹ: "ಮನುಷ್ಯರ ಸುಳಿವಿಲ್ಲದ ಕಾಡಿನಲ್ಲಿ, ತನ್ನ ಪಾಡಿಗೆ ತಾನು." ಚಿತ್ರವೇನೋ ಅದ್ಭುತ, ಸುಳ್ಳು ಹೇಳಬಾರದು. ಹಿಗ್ಗಿಸಿ ನೋಡಿದರೆ ಹಾವಿನ ಕಣ್ಣಲ್ಲೊಂದು ಬಿಳೀ ಚೌಕ. ನನಗೆ ಗುರುತು ಸಿಕ್ಕಿತು. ಫ್ಲ್ಯಾಶಿನ ಬೆಳಕು ಮೆದುವಾಗಲಿ ಅಂತ ನಮ್ಮ ಮುಖಂಡರು ಅದರ ಮುಂದೆ ಕಟ್ಟಿದ್ದ ಕುಂದಾ ಡಬ್ಬಿಯ ಮುಚ್ಚಳ! ಕೆಳಗೆ ಯಾರೋ ಕೇಳಿದ್ದರು, ಕಣ್ಣಾಗಿಂದು ಏನ್ರಿ ಅದು ಅಂತ.

"ಚಂದ್ರ" ಅಂತ ಬರೆದಿದ್ದರು ನಮ್ಮ ಮುಖಂಡರು. ಜಡಿಮಳೆಯ ಅಮಾವಾಸ್ಯೆ ರಾತ್ರಿ ಅದು.